ಗುಡ್ಡೆ ಮಾಂಸ: ಮಂಡ್ಯದಿಂದ ಮಿಸೌರಿವರೆಗೆ

ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ನಾನು ಇದುವರೆಗೆ ಬರೆದಿರುವುದು ನಾಲ್ಕೇ ವಿಷಯ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್, ಮತ್ತೆ ಸಕ್ಕರೆ ಕಾಯಿಲೆ. ಈ ಸಲ ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೇ, ದಯವಿಟ್ಟು ಈ ವರ್ಷ ಕಾಯಿಲೆ ಬೇಡ. ನಿಮ್ಮ ಫಾರ್ಮ್ ಬಗ್ಗೆ ಬರೆದುಕೊಡಿ, ಎಲ್ಲರಿಗೂ ಕುತೂಹಲ ಇದೆ" ಎಂದರು. "ಫಾರ್ಮ್ ಅಂದರೆ ಕೋಳಿ, ಕುರಿ ಸಾಕಿ, ಕೊಯ್ದು ತಿನ್ನೋದು. ಅದನ್ನೇ ಬರೆಯಬೇಕಾಗುತ್ತೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಸಾಕೋದರ ಬಗ್ಗೆ ವಿವರವಾಗಿ ಬರೀರಿ. ಆಮೇಲಿನದ್ದು... ಸ್ವಲ್ಪ ಹಗುರವಾಗಿ."

ಹಾಗೆ ಬರೆಯಲು ಪ್ರಯತ್ನಪಟ್ಟೆ, ಆಗಲಿಲ್ಲ. ಸಾಕುವುದನ್ನು ಮಾತ್ರ ಬರೆದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ಆದ್ದರಿಂದ ಸಸ್ಯಾಹಾರಿ ಓದುಗರಲ್ಲಿ ಮೊದಲೇ ಒಂದು ವಿನಂತಿ: ಬೇಕಾದರೆ ಇಲ್ಲಿಂದಲೇ ಪುಟ ಮಗುಚಿ ಒಬ್ಬಟ್ಟಿನ ಪುಟಕ್ಕೆ ಹೋಗಿಬಿಡಿ, ನನಗೇನೂ ಬೇಸರವಿಲ್ಲ. ನಮ್ಮ ಮನೆಯಾಕೆಯೂ ಹಾಗೇ ಮಾಡುವವಳು.

ನನ್ನ ಊರು ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಗಿಡ್ಡ ಕಾಲಿನ, ಪೀಪಾಯಿಯಂಥ ಮೈಯಿನ ಬಂಡೂರು ಕುರಿಯ ಸೀಮೆ ಅದು. ಯುಗಾದಿಯ ದಿನ ಬೇವು ಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು. ಹಳೇ ಮೈಸೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಅದು ಹೊಸ ವರ್ಷದ ಮೊದಲ ಬಾಡೂಟದ ದಿನ. ನಮ್ಮ ಬೀದಿಯ ಹತ್ತಿಪ್ಪತ್ತು ಮನೆಯವರು ವರ್ಷವಿಡೀ ಚೀಟಿ ಕಟ್ಟಿ, ಆ ದುಡ್ಡಿನಲ್ಲಿ ಮರಿಗಳನ್ನು ಕೊಂಡು ತರುತ್ತಿದ್ದರು. ಹೊಸತೊಡಕಿನ ಬೆಳಗಿನ ಜಾವ ಹೊಂಗೆ ಮರದ ಕೆಳಗೆ ಕೊಯ್ದು, ಕೊಂಬೆಗೆ ನೇತುಹಾಕಿ ಸುಲಿದು, ಬಾಳೆ ಎಲೆ ಹಾಸಿ ಗುಡ್ಡೆ ಹಾಕುತ್ತಿದ್ದರು. ಒಂದೊಂದು ಗುಡ್ಡೆಗೂ ತೊಡೆ, ಪಕ್ಕೆಲುಬು, ಲಿವರ್, ಬೋಟಿ, ಮೂಳೆ ಎಲ್ಲವೂ ಸಮ ಬರಬೇಕು. ಎಷ್ಟು ಸಮ ಮಾಡಿದರೂ ಒಂದು ಗುಡ್ಡೆಯಲ್ಲಿ ಮೂಳೆ ಹೆಚ್ಚು ಇದ್ದೇ ಇರುತ್ತದಲ್ಲ, ಅದಕ್ಕೊಂದು ಉಪಾಯ ಇತ್ತು. ಒಬ್ಬ ಹುಡುಗನನ್ನು ಗುಡ್ಡೆಗಳಿಗೆ ಬೆನ್ನು ಮಾಡಿ ನಿಲ್ಲಿಸುವುದು. ಹಿರಿಯರೊಬ್ಬರು ಯಾವುದೋ ಗುಡ್ಡೆಗೆ ಕೋಲು ತೋರಿಸಿ "ಇದು ಯಾರಿಗ್ಲಾ?" ಅನ್ನುವುದು, ಹುಡುಗ ಬಾಯಿಗೆ ಬಂದ ಮನೆಯ ಹೆಸರು ಹೇಳುವುದು. 1978ರ ಹೊಸತೊಡಕಿನಲ್ಲಿ ಆ ಹುಡುಗ ನಾನಾಗಿದ್ದೆ. ಬೆನ್ನ ಹಿಂದೆ ಏನಿದೆ ಎಂದು ನೋಡಬಾರದೆಂಬುದೇ ನನಗೆ ಆಗ ದೊಡ್ಡ ಜವಾಬ್ದಾರಿಯಾಗಿತ್ತು.

ಆಮೇಲೆ ಮೈಸೂರಿನಲ್ಲಿ ಎಂ.ಬಿ.ಬಿ.ಎಸ್., ಎಂ.ಡಿ., ಅಲ್ಲಿಂದ ಅಮೆರಿಕ. ಜೆ-1 ವೀಸಾದಲ್ಲಿ ಬಂದ ಡಾಕ್ಟರುಗಳಿಗೆ ಇದು ಗೊತ್ತಿರುವ ಕಥೆ: ವೈದ್ಯರ ಕೊರತೆಯಿರುವ ಊರಿನಲ್ಲಿ ಮೂರು ವರ್ಷ ಕೆಲಸ ಮಾಡಿದರೆ ಇಲ್ಲೇ ಉಳಿಯಬಹುದು. ಹಾಗೆ ಮೂರು ವರ್ಷಕ್ಕೆಂದು ಮಿಸೌರಿಯ ಒಂದು ಸಣ್ಣ ಊರಿಗೆ ಬಂದವನು ಇನ್ನೂ ಇಲ್ಲೇ ಇದ್ದೇನೆ. ಪೇಶೆಂಟುಗಳಲ್ಲಿ ಅರ್ಧಕ್ಕರ್ಧ ರೈತರು. ಒಬ್ಬ ರೈತ ತನ್ನ ಜಮೀನಿನ ಪಕ್ಕದ ಹನ್ನೆರಡು ಎಕರೆ ಮಾರಾಟಕ್ಕಿದೆ ಎಂದು ಬಿ.ಪಿ. ನೋಡಿಸಿಕೊಳ್ಳುತ್ತಲೇ ಹೇಳಿದ. 2009ರಲ್ಲಿ ಕೊಂಡುಬಿಟ್ಟೆ. ಮಲೆನಾಡಿನ ಸಸ್ಯಾಹಾರಿ ಮನೆಯಿಂದ ಬಂದ ನನ್ನಾಕೆ ಹಾಕಿದ ಷರತ್ತು ಒಂದೇ: "ನೋಡಿ, ಏನು ಬೇಕಾದರೂ ಸಾಕಿ. ಕೊಯ್ಯೋದು, ತೊಳೆಯೋದು, ಬೇಯಿಸೋದು ಎಲ್ಲ ಆ ಕೊಟ್ಟಿಗೆಯಲ್ಲೇ. ನನ್ನ ಅಡುಗೆಮನೆಗೆ ಬರಕೂಡದು." ಕೊಟ್ಟಿಗೆ ಎಂದರೆ ಇಲ್ಲಿಯ ದೊಡ್ಡ ಬಾರ್ನ್. ಅದರ ಮೂಲೆಯಲ್ಲಿ ನೀರು, ಸಿಂಕು, ಗ್ಯಾಸ್ ಒಲೆ, ಹಳೆಯ ಫ್ರಿಜ್ಜು ಇಟ್ಟುಕೊಂಡು ನನ್ನ ಎರಡನೆಯ ಅಡುಗೆಮನೆ ಶುರುವಾಯಿತು.

ಮೊದಲು ಕೋಳಿ. 2010ರ ಏಪ್ರಿಲ್‌ನಲ್ಲಿ ಬೆಳಿಗ್ಗೆ ಆರು ಗಂಟೆಗೆ ಪೋಸ್ಟಾಫೀಸಿನಿಂದ ಫೋನ್: "ಡಾಕ್, ನಿಮ್ಮ ಪೆಟ್ಟಿಗೆ ಕಿರುಚುತ್ತಿದೆ, ಬೇಗ ಬನ್ನಿ." ಅಮೆರಿಕದ ಅಂಚೆಯವರು 1918ರಿಂದಲೂ ಒಂದು ದಿನದ ಕೋಳಿಮರಿಗಳನ್ನು ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಸಾಗಿಸುತ್ತಿದ್ದಾರೆ. ಮರಿ ಮೊಟ್ಟೆಯಿಂದ ಹೊರಬರುವ ಮುಂಚೆ ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಮೇಲೆ ಎರಡು ಮೂರು ದಿನ ನೀರು, ಕಾಳು ಇಲ್ಲದೆ ತಡೆದುಕೊಳ್ಳುತ್ತದೆ. ನಾನು ತರಿಸಿದ್ದು ಇಪ್ಪತ್ತೈದು ಮರಿ, ಕಾರ್ನಿಷ್ ಕ್ರಾಸ್ ಎಂಬ ತಳಿ. ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ಕಿನೊಳಗಿರುವುದೂ ಈ ಜಾತಿಯದೇ. ಮೊದಲ ವಾರ ದೀಪದ ಕೆಳಗೆ 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಕೊಡಬೇಕು, ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತ ಬರಬೇಕು. ಎಂಟು ವಾರಕ್ಕೆ ಕೊಯ್ಲಿಗೆ ತಯಾರು.

ಎಂಟು ವಾರ! ಊರಿನಲ್ಲಿ ನಮ್ಮ ಹಿತ್ತಲ ಕೋಳಿ ಆ ವಯಸ್ಸಿಗೆ ಇನ್ನೂ ತಾಯಿಯ ಹಿಂದೆ ಓಡಾಡುತ್ತಿರುತ್ತಿತ್ತು. ಈ ತಳಿಯ ಮೈ ಎಷ್ಟು ಬೇಗ ಬೆಳೆಯುತ್ತದೆಂದರೆ ಹೃದಯ, ಶ್ವಾಸಕೋಶಗಳಿಗೆ ಅದರ ಜೊತೆ ಓಡಲಾಗುವುದಿಲ್ಲ. ಏಳನೆಯ ವಾರ ಒಂದು ಕೋಳಿ ಏದುಸಿರು ಬಿಡುತ್ತ ಕೂತಿತ್ತು. ಜುಟ್ಟು ನೀಲಿಗಟ್ಟಿತ್ತು, ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಚೀಲ. ಮರುದಿನ ಸತ್ತಿತು. ಕತ್ತರಿಸಿ ನೋಡಿದೆ: ಉಬ್ಬಿದ ಬಲ ಹೃದಯ, ಹೊಟ್ಟೆಯೊಳಗೆ ಹಳದಿ ನೀರು. ವಾರ್ಡಿನಲ್ಲಿ ಮೂವತ್ತು ವರ್ಷ ಸಿಗರೇಟು ಸೇದಿದವರಲ್ಲಿ ನಾನು ನೋಡುವ ಬಲಭಾಗದ ಹಾರ್ಟ್ ಫೇಲ್ಯೂರ್ ಈ ಐವತ್ತು ದಿನದ ಕೋಳಿಯಲ್ಲಿತ್ತು. ಕೋಳಿ ಸಾಕುವವರಿಗೆ ಇದು ಮಾಮೂಲು ವಿಷಯವಂತೆ. ನನಗೆ ಮಾಮೂಲು ಅನ್ನಿಸಲಿಲ್ಲ. ಮೂರು ವರ್ಷದ ನಂತರ ನಿಧಾನವಾಗಿ ಬೆಳೆಯುವ ತಳಿಗೆ ಬದಲಾಯಿಸಿದೆ. ಹನ್ನೊಂದು ಹನ್ನೆರಡು ವಾರ ಬೇಕು, ಎದೆಯ ಮಾಂಸ ಕಡಿಮೆ, ಖರ್ಚು ಜಾಸ್ತಿ. ಆದರೆ ಅವು ಓಡಾಡುತ್ತವೆ.

ಈಗ ನಾನು ಹೇಳಲೇಬೇಕಾದ, ಹೇಳಲು ಇಷ್ಟವಿಲ್ಲದ ಭಾಗ. ಮೊದಲ ಕೊಯ್ಲು ಜೂನ್ ತಿಂಗಳ ಒಂದು ಶನಿವಾರ. ಪಕ್ಕದ ಜಮೀನಿನ ರೈತ ಒಂಬತ್ತು ಗಂಟೆಗೆ ಬಂದು ತೋರಿಸಿಕೊಡುತ್ತೇನೆ ಎಂದಿದ್ದ. ಅವನಿಗೇಕೆ ಕಾಯಬೇಕು, ಅನಾಟಮಿ ಓದಿದವನು ನಾನು, ಕೆರೋಟಿಡ್ ಎಲ್ಲಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದುಕೊಂಡು ಏಳು ಗಂಟೆಗೇ ಶುರುಮಾಡಿದೆ. ತಗಡಿನ ಆಲಿಕೆಯಂಥ ಒಂದು ಸಾಧನ ಇರುತ್ತದೆ. ಕೋಳಿಯನ್ನು ತಲೆಕೆಳಗಾಗಿ ಅದರೊಳಗೆ ಇಳಿಸಿದರೆ ರೆಕ್ಕೆ ಬಡಿಯಲಾರದು, ತಲೆ ಮಾತ್ರ ಕೆಳಗೆ ಹೊರಬರುತ್ತದೆ. ಅಲ್ಲಿಯವರೆಗೆ ಸರಿಯಾಗಿತ್ತು. ಚಾಕು ಎಳೆದೆ. ಪುಕ್ಕದ ಮೇಲೆ ಜಾರಿತು. ಇನ್ನೊಮ್ಮೆ ಎಳೆದೆ, ಚರ್ಮ ಕುಯ್ದಿತು, ಶ್ವಾಸನಾಳಕ್ಕೂ ತಾಗಿತು, ರಕ್ತನಾಳ ಮಾತ್ರ ಸಿಗಲಿಲ್ಲ. ಕೋಳಿ ಒದ್ದುಕೊಂಡು ಆಲಿಕೆಯಿಂದ ಹಾರಿ ಹೊರಬಿದ್ದು ಓಡತೊಡಗಿತು. ನಾನು ಚಾಕು ಹಿಡಿದು ಅದರ ಹಿಂದೆ. ಅದು ಉಸಿರಾಡುವ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಟ್ರಕ್ ನಿಲ್ಲಿಸಿ ಇಳಿದ ನೆರೆಯವನು ಒಂದೂ ಮಾತಾಡದೆ ಕೋಳಿ ಹಿಡಿದು ಅದರ ಸಂಕಟ ಮುಗಿಸಿದ. ನನ್ನ ಕೈಯಿಂದ ಚಾಕು ತೆಗೆದುಕೊಂಡು ಹೆಬ್ಬೆರಳಿಗೆ ಸವರಿ ನೋಡಿ, "ಮೊಂಡಾಗಿದೆ, ಡಾಕ್" ಎಂದ. ತನ್ನ ಟ್ರಕ್ಕಿನಿಂದ ಸಾಣೆಕಲ್ಲು ತಂದು ಕೊಟ್ಟ. ಮುಕ್ಕಾಲು ಗಂಟೆ ಕೂತು ಚಾಕು ಮಸೆದೆ. ಉಳಿದ ಕೋಳಿಗಳು ನೆರಳಿನಲ್ಲಿ ಬುಟ್ಟಿಯೊಳಗೆ ಕಾಯುತ್ತಿದ್ದವು. ಆಸ್ಪತ್ರೆಯಲ್ಲಿ ಹೀಗೇನಾದರೂ ಆದರೆ ನಾವು ಅದಕ್ಕೆ 'ಕಾಂಪ್ಲಿಕೇಶನ್' ಎಂದು ಹೆಸರು ಕೊಟ್ಟು, ಮೀಟಿಂಗ್ ಕರೆದು, ಕಾಫಿ ಕುಡಿಯುತ್ತ ಚರ್ಚಿಸುತ್ತೇವೆ. ಇಲ್ಲಿ ಚರ್ಚಿಸಲು ಯಾರೂ ಇರಲಿಲ್ಲ. ಆ ಒಂದು ಕೋಳಿಯನ್ನು ತಿನ್ನಲು ನನ್ನಿಂದಾಗಲಿಲ್ಲ, ಹೂತೆ.

ಆ ದಿನ ಅವನು ಕಲಿಸಿದ ಕ್ರಮವನ್ನೇ ಇವತ್ತಿಗೂ ಮಾಡುತ್ತಿದ್ದೇನೆ. ಹಿಂದಿನ ರಾತ್ರಿಯಿಂದ ಕಾಳು ಬಂದ್, ನೀರು ಮಾತ್ರ. ಕರುಳು ಖಾಲಿಯಿದ್ದರೆ ಕೆಲಸ ಚೊಕ್ಕ. ಎಡಗೈಯಲ್ಲಿ ತಲೆ ಹಿಡಿದು, ದವಡೆಯ ಹಿಂದೆ ಪುಕ್ಕ ಸರಿಸಿ, ಎರಡೂ ಪಕ್ಕಕ್ಕೆ ಒಂದೊಂದೇ ಗೀರು, ಶ್ವಾಸನಾಳಕ್ಕೆ ತಾಗದಂತೆ. ಕ್ಷಣಗಳಲ್ಲಿ ಪ್ರಜ್ಞೆ ಹೋಗುತ್ತದೆ. ಆಮೇಲಿನ ಒದ್ದಾಟ ನರಗಳ ರಿಫ್ಲೆಕ್ಸ್. 145ರಿಂದ 150 ಡಿಗ್ರಿ ಫ್ಯಾರನ್‌ಹೀಟ್ ಬಿಸಿನೀರಿನಲ್ಲಿ ಒಂದು ನಿಮಿಷದೊಳಗೆ ಅದ್ದಿ ತೆಗೆದರೆ ಪುಕ್ಕ ಕೈಗೇ ಬರುತ್ತದೆ. ನೀರು ಇನ್ನೂ ಬಿಸಿಯಾದರೆ ಚರ್ಮ ಬೆಂದು ಹರಿಯುತ್ತದೆ. ಬಾಲದ ಬುಡದ ಎಣ್ಣೆ ಗ್ರಂಥಿ ತೆಗೆಯಬೇಕು. ಕರುಳು ತೆಗೆಯುವಾಗ ಪಿತ್ತಕೋಶ ಒಡೆಯಬಾರದು, ಒಡೆದರೆ ಹಸಿರು ನೀರು ತಾಗಿದ ಕಡೆಯೆಲ್ಲ ಕಹಿ. ಪಕ್ಕೆಲುಬಿಗೆ ಅಂಟಿದ ಶ್ವಾಸಕೋಶವನ್ನು ಬೆರಳಿನಿಂದ ಕೆರೆದು ತೆಗೆದು, ತಕ್ಷಣ ಐಸ್ ನೀರಿಗೆ. 40 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಅಲ್ಲೇ ಇರಬೇಕು. ಆಮೇಲೆ ಫ್ರಿಜ್ಜಿನಲ್ಲಿ ಒಂದು ದಿನ ಬಿಡಬೇಕು. ಸತ್ತ ಮೈ ಸೆಟೆದುಕೊಂಡಿರುವಾಗಲೇ ಬೇಯಿಸಿದರೆ ರಬ್ಬರು. ಡಾಕ್ಟರ್ ಲೇಖನ ಎಂದ ಮೇಲೆ ಒಂದಾದರೂ ಸಲಹೆ ಇರಲಿ: ಕೋಳಿ ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳಬೇಡಿ, ಥರ್ಮಾಮೀಟರ್ ಚುಚ್ಚಿ 165 ಡಿಗ್ರಿ ನೋಡಿ. ಹಸಿ ಕೋಳಿಯನ್ನು ಸಿಂಕಿನಲ್ಲಿ ನಲ್ಲಿ ಬಿಟ್ಟು ತೊಳೆಯಬೇಡಿ, ಸಾಲ್ಮೊನೆಲ್ಲಾ ನಿಮ್ಮ ಕೊತ್ತಂಬರಿ ಸೊಪ್ಪಿಗೂ ಸಿಡಿಯುತ್ತದೆ.

ಕುರಿ ಬಂದಿದ್ದು 2011ರಲ್ಲಿ: ಆರು ಹೆಣ್ಣು, ಒಂದು ಟಗರು. ಕಟಾಡಿನ್ ಎಂಬ ತಳಿ. ಮೈಮೇಲೆ ಉಣ್ಣೆಯ ಬದಲು ಕೂದಲು, ಬೇಸಿಗೆಗೆ ತಾನೇ ಉದುರುತ್ತದೆ, ಕತ್ತರಿಸುವ ತಾಪತ್ರಯವಿಲ್ಲ. ಮುಂದಿನ ಬೇಸಿಗೆಗೆ ಅಪ್ಪ ಊರಿನಿಂದ ಬಂದರು. ಬ್ರಾಯ್ಲರ್ ಕೋಳಿಗಳನ್ನು ನೋಡಿ "ಇದೇನ್ಲಾ, ಕೋಳಿಯಾ, ಗೋಣಿಚೀಲವಾ?" ಎಂದು ನಕ್ಕರು. ಕುರಿಗಳ ಹತ್ತಿರ ಮಾತ್ರ ನಗಲಿಲ್ಲ. ಒಂದರ ತಲೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಇದಕ್ಕೆ ರಕ್ತವೇ ಇಲ್ಲ ಕಣ್ಲಾ, ಹುಳ ಬಿದ್ದದೆ" ಎಂದರು. ನಾನು ಆ ತಿಂಗಳಷ್ಟೇ ವಿಶ್ವವಿದ್ಯಾಲಯದ ಶಿಬಿರಕ್ಕೆ ಹೋಗಿ ಫಮಾಚಾ ಎಂಬ ಬಣ್ಣದ ಕಾರ್ಡು ತಂದಿದ್ದೆ. ದಕ್ಷಿಣ ಆಫ್ರಿಕಾದವರು ಕಂಡುಹಿಡಿದದ್ದು: ಕೆಳರೆಪ್ಪೆಯ ಒಳಗಿನ ಕೆಂಪನ್ನು ಒಂದರಿಂದ ಐದರವರೆಗಿನ ಬಣ್ಣಗಳಿಗೆ ಹೋಲಿಸಿ, ಬಿಳಿಚಿಕೊಂಡವಕ್ಕೆ ಮಾತ್ರ ಜಂತುಹುಳುವಿನ ಔಷಧಿ. ಕಾರ್ಡು ಹಿಡಿದು ನೋಡಿದರೆ ಆ ಕುರಿಗೆ ನಾಲ್ಕು. ನಾನು ದಿನಾ ಪೇಶೆಂಟುಗಳ ರೆಪ್ಪೆ ಎಳೆದು ರಕ್ತಹೀನತೆ ನೋಡುವವನು. ಕುರಿಯಲ್ಲಿ ಅದನ್ನೇ ಮಾಡಬೇಕೆಂದು ಹೊಳೆಯಲು ಶಿಬಿರಕ್ಕೆ ಫೀಸು ಕಟ್ಟಬೇಕಾಯಿತು.

ಅಪ್ಪ ಇದ್ದಾಗಲೇ ಮೊದಲ ಕುರಿ ಕೊಯ್ದೆವು. ನೆರೆಯವನು ಸಣ್ಣ ಬಂದೂಕು ತಂದಿದ್ದ. ಕುರಿ ಬೋಗುಣಿಯಲ್ಲಿ ಕಾಳು ತಿನ್ನುತ್ತಿತ್ತು. ಟಪ್ ಎಂಬ ಸದ್ದು; ಮಂಡಿಯೂರಿ ಬಿತ್ತು, ಬಾಯಲ್ಲಿನ್ನೂ ಜೋಳ. ತಕ್ಷಣ ಅಪ್ಪ ಕತ್ತು ಕೊಯ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಇಬ್ಬರೂ ಸುಲಿಯುವಾಗ ಚಾಕು ಬಿಟ್ಟು ಮುಷ್ಟಿಯಿಂದಲೇ ಚರ್ಮ ಬಿಡಿಸುತ್ತಿದ್ದುದನ್ನು ನೋಡುತ್ತ ನಿಂತೆ. ರಾತ್ರಿ ಊಟದ ಹೊತ್ತಿಗೆ ಅಪ್ಪ ಅಂದರು, "ಅದ್ಕೆ ಗೊತ್ತೇ ಆಗ್ಲಿಲ್ಲ. ನಮ್ಮೂರಲ್ಲಿ ಒಂದು ಕುಯ್ಯೋದ ಇನ್ನೊಂದು ನೋಡ್ತಾ ನಿಂತಿರ್ತಿತ್ತು. ನಾವು ಅದ್ನ ಯೋಚ್ನೇನೇ ಮಾಡ್ಲಿಲ್ಲ." ಹೆದರದೆ ಸಾಯುವುದರಿಂದ ಮಾಂಸಕ್ಕೂ ಲಾಭವಿದೆ. ಪ್ರಾಣಿ ಸತ್ತ ಮೇಲೆ ಸ್ನಾಯುವಿನ ಗ್ಲೈಕೋಜನ್ ಲ್ಯಾಕ್ಟಿಕ್ ಆಸಿಡ್ ಆಗಿ ಮಾಂಸ ಸ್ವಲ್ಪ ಹುಳಿಗೂಡುತ್ತದೆ, ಅದರಿಂದ ಮೃದುವಾಗುತ್ತದೆ, ಬೇಗ ಕೆಡುವುದಿಲ್ಲ. ಬಹಳ ಹೊತ್ತು ಹೆದರಿ ಒದ್ದಾಡಿ ದಣಿದ ಪ್ರಾಣಿಯಲ್ಲಿ ಆ ಗ್ಲೈಕೋಜನ್ ಮೊದಲೇ ಖರ್ಚಾಗಿರುತ್ತದೆ. ಮಾಂಸ ಕಪ್ಪಗೆ, ಒಣಗಿದಂತೆ.

ನನ್ನ ಮಗಳ ವಿಷಯ. ಇಲ್ಲಿಯ ಹಳ್ಳಿ ಮಕ್ಕಳು 4-ಎಚ್ ಎಂಬ ಸಂಘದಲ್ಲಿ ಕರು, ಹಂದಿ, ಕುರಿ ಸಾಕಿ ಜಿಲ್ಲಾ ಜಾತ್ರೆಯಲ್ಲಿ ತೋರಿಸುತ್ತಾರೆ, ಕೊನೆಯ ದಿನ ಹರಾಜು. 2014ರಲ್ಲಿ ಹನ್ನೆರಡು ವರ್ಷದ ಅವಳೂ ಒಂದು ಮರಿ ಸಾಕಿದಳು. ಹೆಸರಿಡಬೇಡ ಎಂದು ನೆರೆಯವನು ಹೇಳಿದ್ದ. ಅವಳು 'ಬೆಲ್ಲ' ಎಂದಿಟ್ಟಳು. ದಿನಾ ಸ್ಕೂಲಿನಿಂದ ಬಂದು ಹಗ್ಗ ಹಾಕಿ ನಡೆಸುವುದು, ತೂಕ ಬರೆಯುವುದು. ಹರಾಜಾಯಿತು, ಒಳ್ಳೆಯ ದುಡ್ಡೂ ಬಂತು. ಸಂಜೆ ಕಾರಿನಲ್ಲಿ ಸುಮ್ಮನಿದ್ದವಳು ಮನೆ ಹತ್ತಿರ ಬಂದಾಗ ಹೇಳಿದಳು: "ಅಪ್ಪ, ಅದು ಟ್ರೈಲರ್ ಹತ್ತಲ್ಲ ಅಂತ ನಿಂತಿತ್ತು. ನಾನು ಕರೆದೆ. ಬಂತು."

ಮೂರ್ನಾಲ್ಕು ಉತ್ತರ ಹೊಳೆದವು, ಯಾವುದನ್ನೂ ಹೇಳಲಾಗಲಿಲ್ಲ. ಅಂದಿನಿಂದ ಅವಳು ಕುರಿಮಾಂಸ ಮುಟ್ಟಿಲ್ಲ. ಅದನ್ನೊಂದು ದೊಡ್ಡ ಸಂಗತಿಯನ್ನಾಗಿ ಮಾಡಲೂ ಇಲ್ಲ; ಕೊಟ್ಟಿಗೆಯ ಲೆಕ್ಕದ ಪುಸ್ತಕ ಅವಳದೇ. ಆ ಪುಸ್ತಕದ ಪ್ರಕಾರ ನಮ್ಮ ಕೋಳಿ ಅಂಗಡಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದುಬಾರಿ, ನನ್ನ ಕೂಲಿ ಬಿಟ್ಟು. ಹನ್ನೆರಡು ವರ್ಷದ ಮಗುವಿಗೆ ಹಾಗೆ ಮಾಡಿಸಬೇಕಿತ್ತೇ ಎಂದು ಈಗಲೂ ಒಮ್ಮೊಮ್ಮೆ ರಾತ್ರಿ ಯೋಚನೆ ಬರುತ್ತದೆ.

ನೆರೆಯವನ ಕಥೆ ಇನ್ನೊಂದು ತರಹ. 2016ರ ಬೇಸಿಗೆಯಲ್ಲಿ ಎರಡು ಸಲ ಮೈತುಂಬ ದದ್ದು ಎಂದು ಬಂದ. ಎರಡು ಸಲವೂ ಸಾಬೂನು ಬದಲಿಸಿದೆಯಾ ಎಂದು ಕೇಳಿ ಅಲರ್ಜಿ ಮಾತ್ರೆ ಕೊಟ್ಟು ಕಳಿಸಿದೆ. ಮೂರನೆಯ ಸಲ, "ಯಾವಾಗಲೂ ರಾತ್ರಿ ಎರಡು ಗಂಟೆಗೇ ಬರುತ್ತೆ, ಡಾಕ್. ಸ್ಟೇಕ್ ತಿಂದ ದಿನ" ಎಂದ. ಆಗ ತಲೆಗೆ ಹೊಳೆಯಿತು. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಉಣುಗಿನ ದೂರದ ದಾಯಾದಿ ಇಲ್ಲಿದೆ, ಲೋನ್ ಸ್ಟಾರ್ ಎಂದು ಹೆಸರು. ಅದು ಕಚ್ಚಿದರೆ ಕೆಲವರಿಗೆ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ವಿರುದ್ಧ ಅಲರ್ಜಿ ಹುಟ್ಟುತ್ತದೆ. ಆ ಸಕ್ಕರೆ ದನ, ಹಂದಿ, ಕುರಿಯ ಮಾಂಸದಲ್ಲಿದೆ, ಕೋಳಿ, ಮೀನಿನಲ್ಲಿಲ್ಲ. ತಿಂದ ಎರಡರಿಂದ ಆರು ಗಂಟೆಯ ನಂತರ ತೊಂದರೆ ಶುರು, ಕೆಲವರಿಗೆ ಪ್ರಾಣಕ್ಕೇ ಅಪಾಯ. ಅಮೆರಿಕದಲ್ಲಿ ನಾಲ್ಕೂವರೆ ಲಕ್ಷ ಜನರಿಗೆ ಇದು ಇರಬಹುದೆಂದು 2023ರಲ್ಲಿ ಸಿ.ಡಿ.ಸಿ. ಅಂದಾಜು ಮಾಡಿತು. ರಕ್ತಪರೀಕ್ಷೆಯಲ್ಲಿ ಅವನದೂ ಅದೇ ಎಂದಾಯಿತು. ಎಪ್ಪತ್ತು ವರ್ಷ ತನ್ನದೇ ದನದ ಮಾಂಸ ತಿಂದವನು ಅಂದಿನಿಂದ ನನ್ನ ಕೋಳಿಗೆ ಗಿರಾಕಿ. ಗಿರಾಕಿ ಎಂದರೆ ದುಡ್ಡಿಗಲ್ಲ. ಚಾಕು ಕಲಿಸಿದ್ದಕ್ಕೆ ಗುರುದಕ್ಷಿಣೆ.

ಇನ್ನು ಲಾಕರ್. ಇಲ್ಲಿ ಸಣ್ಣ ಊರಿನ ಕಸಾಯಿಖಾನೆಗೆ ಹಾಗೆನ್ನುತ್ತಾರೆ. ಚಿಕಾಗೋದ ಮಾಂಸದ ಕಾರ್ಖಾನೆಗಳ ಕೊಳಕನ್ನು ಅಪ್ಟನ್ ಸಿಂಕ್ಲೇರ್ ಕಾದಂಬರಿಯಾಗಿ ಬರೆದ 1906ರಲ್ಲೇ ಸರ್ಕಾರ ಕಾನೂನು ತಂದು, ರಾಜ್ಯದಿಂದ ರಾಜ್ಯಕ್ಕೆ ಮಾರಾಟಕ್ಕೆ ಹೋಗುವ ಕೆಂಪು ಮಾಂಸಕ್ಕೆಲ್ಲ ಇನ್ಸ್‌ಪೆಕ್ಟರ್ ನೋಡಲೇಬೇಕೆಂದಿತು. ತನ್ನ ಪ್ರಾಣಿಯನ್ನು ತನ್ನ ಮನೆಗೆ ಕೊಯ್ಯಿಸುವವರಿಗೆ ವಿನಾಯಿತಿಯಿದೆ, ಪೊಟ್ಟಣದ ಮೇಲೆ 'ಮಾರಾಟಕ್ಕಲ್ಲ' ಎಂಬ ಮುದ್ರೆ ಇರಬೇಕು ಅಷ್ಟೆ. ಪ್ರಾಣಿ ಜೀವಂತ ಇರುವಾಗಲೇ ಅರ್ಧ, ಕಾಲು ಎಂದು ಪಾಲು ಕೊಂಡವರೂ ಮಾಲೀಕರೇ. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಮ್ಮೂರ ಚೀಟಿಯ ನೆನಪಾಯಿತು. ಲಾಕರಿನವರು ಕೊಡುವ ಫಾರಂನಲ್ಲಿ ಚಾಪ್, ರೋಸ್ಟ್, ಸ್ಟೇಕ್ ಎಂದೆಲ್ಲ ಇದೆ, ಸಾರಿಗೆ ಮೂಳೆ ಸಮೇತ ಸಣ್ಣ ತುಂಡು ಎಂದಿಲ್ಲ. ತಲೆ, ಕಾಲು, ಬೋಟಿಯೂ ಬೇಕೆಂದಾಗ ಅಲ್ಲಿನ ಹುಡುಗ "ನಾಯಿಗಾ?" ಎಂದ.

2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ದೊಡ್ಡ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಈ ದೇಶದ ದನದ ಮಾಂಸದಲ್ಲಿ ಸುಮಾರು ಶೇ. 85 ನಾಲ್ಕೇ ಕಂಪನಿಗಳ ಕೈಯಲ್ಲಿದೆ. ನಾಲ್ಕು ಬಾಗಿಲು ಹಾಕಿದರೆ ಅಂಗಡಿ ಖಾಲಿ. ಕೊಳ್ಳುವವರಿಲ್ಲದೆ ರೈತರು ಹಂದಿಗಳನ್ನು ಕೊಂದು ಹೂತರು. ಕಾರ್ಖಾನೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಕೆಲಸಗಾರರು, ಹೆಚ್ಚಿನವರು ಮೆಕ್ಸಿಕೋ, ಬರ್ಮಾ, ಕಾಂಗೋಗಳಿಂದ ನಮ್ಮಂತೆಯೇ ವಲಸೆ ಬಂದವರು, ನಮ್ಮ ವಾರ್ಡಿಗೆ ಬಂದರು. ಅವರಲ್ಲಿ ಒಬ್ಬಾಕೆಯ ಕೈಬೆರಳುಗಳು ಮಡಚುತ್ತಲೇ ಇರಲಿಲ್ಲ. ಹನ್ನೊಂದು ವರ್ಷ ಕೋಳಿಯ ತೊಡೆ ಬಿಡಿಸಿದ ಕೈ. ಜ್ವರ ಇಳಿದ ಮೇಲೆ ಅವಳು ಕೇಳಿದ್ದು ಕೆಲಸಕ್ಕೆ ಯಾವಾಗ ಹೋಗಬಹುದೆಂದು. ಅಗ್ಗದ ಕೋಳಿ ಹೇಗೆ ಅಗ್ಗವಾಗುತ್ತದೆ ಎಂಬ ನನ್ನ ಮಗಳ ಲೆಕ್ಕದಲ್ಲಿ ಬರೆಯದೆ ಉಳಿದಿದ್ದ ಒಂದು ಸಾಲು ಅದು.

ಲಾಕರಿನವರು ಮುಂದಿನ ವರ್ಷದವರೆಗೆ ಜಾಗವಿಲ್ಲ ಎಂದರು. ಆ ಶರತ್ಕಾಲ ನಮ್ಮ ಎರಡು ಕುರಿಗಳನ್ನು ನೆರೆಯವನೂ ನಾನೂ ಸೇರಿ ನಮ್ಮ ಕೊಟ್ಟಿಗೆಯಲ್ಲೇ ಕೊಯ್ದೆವು. ಅಪ್ಪ ಆಗ ಇರಲಿಲ್ಲ, ತೀರಿಕೊಂಡು ಮೂರು ವರ್ಷವಾಗಿತ್ತು. ಅವರಂತೆಯೇ ಮುಷ್ಟಿ ತೂರಿಸಿ ಚರ್ಮ ಬಿಡಿಸಿದೆ. ನನ್ನಾಕೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೊಟ್ಟಿಗೆಯ ಬಾಗಿಲವರೆಗೆ ಬಂದು, ಒಳಗೆ ನೋಡದೆ, ಎರಡು ಲೋಟ ಕಾಫಿ ಹೊಸ್ತಿಲ ಮೇಲಿಟ್ಟು ಹೋದಳು.

2022ರಲ್ಲಿ ಯುಗಾದಿ ಶನಿವಾರ ಬಂದಿತ್ತು, ಹೊಸತೊಡಕು ಭಾನುವಾರ. ನಮ್ಮ ಕೂಟದ ನಾಲ್ಕು ಮನೆಯವರು ಫೆಬ್ರವರಿಯಲ್ಲೇ ನನ್ನ ಜೊತೆ ಎರಡು ಮರಿಗಳಿಗೆ ಪಾಲು ಹಾಕಿದ್ದರು. ಲಾಕರಿನಿಂದ ಇಡಿಯಾಗಿಯೇ ತಂದು, ಕೊಟ್ಟಿಗೆಯ ಮೇಜಿನ ಮೇಲೆ ನಾವೇ ಕತ್ತರಿಸಿದೆವು. ಊರಿನಲ್ಲಿ ಬ್ಯಾಂಕ್ ಮ್ಯಾನೇಜರರ ಮಗನಾಗಿ ಬೆಳೆದ ಸಾಫ್ಟ್‌ವೇರ್ ಗೆಳೆಯನೊಬ್ಬ ಬೋಟಿ ತೊಳೆಯಲು ನಿಂತು ಅರ್ಧಕ್ಕೇ ಹೊರಗೆ ಓಡಿದ, ಮತ್ತೆ ಬಂದು ಪೂರ್ತಿ ಮಾಡಿದ. ಐದು ಗುಡ್ಡೆ ಹಾಕಿದೆವು. ಬಾಳೆ ಎಲೆ ಎಲ್ಲಿಂದ ಬರಬೇಕು, ಬುಚರ್ ಪೇಪರ್. ತಕ್ಕಡಿ ಮಗಳ ಕೈಯಲ್ಲಿತ್ತು. ಕಾಲೇಜಿನಿಂದ ಹಬ್ಬಕ್ಕೆಂದು ಬಂದಿದ್ದಳು. ಒಂದೊಂದು ಗುಡ್ಡೆಯೂ ಹತ್ತೊಂಬತ್ತು ಪೌಂಡಿನ ಆಸುಪಾಸು, ಅವಳು ಔನ್ಸಿನವರೆಗೂ ಬಿಡಲಿಲ್ಲ.

ಬೆನ್ನು ಮಾಡಿ ನಿಲ್ಲಲು ಒಬ್ಬರು ಬೇಕಾಯಿತು. ಸಣ್ಣ ಮಕ್ಕಳೆಲ್ಲ ತಿರುಗಿ ತಿರುಗಿ ನೋಡುತ್ತಿದ್ದವು. "ನಾನು ನಿಲ್ತೀನಿ, ಹೇಗಿದ್ರೂ ನಾನು ತಿನ್ನಲ್ಲ" ಎಂದು ಅವಳೇ ಗೋಡೆಯ ಕಡೆ ಮುಖ ಮಾಡಿ ನಿಂತಳು. ನಾನು ಕೋಲು ತೋರಿಸುತ್ತ, ನಮ್ಮೂರಿನ ರಾಗದಲ್ಲೇ, "ಇದು ಯಾರಿಗೆ?" ಎಂದೆ. ಒಂದೊಂದೇ ಹೆಸರು ಹೇಳಿದಳು. ನಾಲ್ಕು ಮುಗಿದವು.

"ಕೊನೇದು?"

"ಅಪ್ಪನಿಗೆ."

ಮೂಳೆ ಜಾಸ್ತಿ ಇದ್ದ ಗುಡ್ಡೆ ಅದೇ. ಸಾರು ಮಾತ್ರ ಚೆನ್ನಾಗಿ ಬಂತು.